ನೊಣದ ಡಾಕ್ಟರು

ಡಿಗ್ರಿ ಎರಡನೇ ವರ್ಷದ ಮಗಳು ರಜೆಯಿಡೀ ಲ್ಯಾಬೊಂದರಲ್ಲಿ ನೊಣ ಎಣಿಸುತ್ತಾಳೆಂದು ಕೇಳಿ ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಬೇಕರಿ ನಡೆಸುವ ಅಪ್ಪನಂತೂ, "ನಾನು ದಿನವಿಡೀ ಓಡಿಸ್ತೀನಿ, ನೀನು ಸಾಕ್ತೀಯಾ?" ಎಂದ. ಅಂದಿನಿಂದ ಅವಳು ಎಲ್ಲರಿಗೂ ನೊಣದ ಡಾಕ್ಟರು.

ನೊಣಕ್ಕೂ ಮೆದುಳಿದೆಯೇ ಎಂದು ಕೇಳಬೇಡಿ. ಇದೆ, ಸಾಸಿವೆಗಿಂತ ಚಿಕ್ಕದು. ಮೆದುಳು ಸವೆಯುವ ಕಾಯಿಲೆಯ ಜೀನನ್ನು ಹಣ್ಣಿನ ನೊಣಗಳಲ್ಲಿ ಪರೀಕ್ಷಿಸುವ ಲ್ಯಾಬ್ ಅದು. ಇವಳ ಕೆಲಸವೆಂದರೆ, ನೊಣಗಳಿದ್ದ ಗಾಜಿನ ಕೊಳವೆಯನ್ನು ಮೇಜಿಗೆ ತಟ್ಟಿ ಎಲ್ಲವನ್ನೂ ತಳಕ್ಕೆ ಬೀಳಿಸಿ, ಹತ್ತು ಸೆಕೆಂಡಿನಲ್ಲಿ ಎಷ್ಟು ನೊಣ ಹತ್ತಿ ಬಂದು ಮೇಲಿನ ಗೆರೆ ದಾಟಿದವೆಂದು ಬರೆದಿಡುವುದು. ಜೀನ್ ಕೆಟ್ಟವು ಹಿಂದೆ ಬೀಳಬೇಕು. ರಜೆ ಮುಗಿದ ಮೇಲೂ ಇವಳನ್ನು ಉಳಿಸಿಕೊಳ್ಳುವುದೋ ಬೇಡವೋ ಎಂದು ಲ್ಯಾಬಿನ ಮೇಡಂ ಈ ಅಂಕಿಗಳನ್ನು ನೋಡಿಯೇ ಹೇಳುವವರಿದ್ದರು. ಹುಡುಗಿಗಾದರೋ ಆ ಲ್ಯಾಬ್ ಬಿಟ್ಟರೆ ಬೇರೇನೂ ಬೇಡವಾಗಿತ್ತು.

ನೋಡಿದರೆ, ಕಾಯಿಲೆಯ ನೊಣಗಳೇ ಗೆದ್ದವು! ಮೂರು ಸಲ ಮಾಡಿದರೂ ಅದೇ.

"ಕೊಳವೆಗಳ ಚೀಟಿ ಅದಲುಬದಲು ಮಾಡಿದೀಯ" ಎಂದಳು ಅಲ್ಲೇ ಪಿಎಚ್‌ಡಿ ಮಾಡುತ್ತಿದ್ದ ಸೀನಿಯರ್ ಅಕ್ಕ.

"ಇಲ್ಲ ಅಕ್ಕಾ, ನಿಮ್ಮಾಣೆ."

"ಸರಿ, ನನ್ನೆದುರಿಗೆ ಇನ್ನೊಂದ್ಸಲ ಮಾಡು ನೋಡೋಣ."

ಆರೋಗ್ಯವಾಗಿದ್ದವುಗಳ ಕೊಳವೆ ಮೇಜಿಗೆ ಠಣ್ಣನೆ ಬಡಿಯಿತು. ಕಾಯಿಲೆಯವುಗಳದ್ದು ಸದ್ದೇ ಇಲ್ಲ. ಮೇಲಿದ್ದ ಅರ್ಧ ನೊಣಗಳು ಕೆಳಗೆ ಬೀಳಲೇ ಇಲ್ಲ.

"ಇದನ್ಯಾಕೆ ಇಷ್ಟು ಮೆತ್ತಗೆ ತಟ್ತೀಯೇ?"

ಅವಳಿಗೂ ಗೊತ್ತಾದದ್ದು ಆಗಲೇ. "ಪಾಪ ಅನ್ಸುತ್ತೆ ಅಕ್ಕಾ. ಮೊದಲೇ ಹುಷಾರಿಲ್ಲ ಅವಕ್ಕೆ."

ಅಕ್ಕ ನಗು ತಡೆಯಲಾರದೆ ಮೇಜಿಗೆ ಹಣೆ ಹಚ್ಚಿದಳು. ಆಮೇಲೆ ಚೀಟಿಗಳ ಮೇಲೆ ಕಾಗದ ಅಂಟಿಸಿ, ಬರೀ ನಂಬರು ಹಾಕಿಕೊಟ್ಟಳು. ಯಾವುದು ಯಾವುದೆಂದು ತಿಳಿಯದ ಹುಡುಗಿ ಎಲ್ಲವನ್ನೂ ಒಂದೇ ಸಮ ತಟ್ಟಿದಳು. ಕಾಗದ ಕಿತ್ತು ನೋಡಿದರೆ, ಕಾಯಿಲೆಯ ನೊಣಗಳು ಗೆರೆಯ ಹತ್ತಿರಕ್ಕೂ ಬಂದಿರಲಿಲ್ಲ. ಅವನ್ನು ಕಂಡು ಪಾಪವೆನಿಸಿದರೂ, ಒಂದೇ ಒಂದು ಜೀನ್ ಕೆಟ್ಟರೆ ಇಷ್ಟಾಗುತ್ತದೆಂದು ಕಣ್ಣಾರೆ ಕಂಡ ಖುಷಿಗೆ ಅವಳಿಗೆ ಕುಣಿಯುವಂತಾಯಿತು.

ಹಳೆಯ ಹಾಳೆ ಹರಿದು ಬಿಸಾಡಿದ್ದರೆ ಮೇಡಂಗೆ ಏನೂ ತಿಳಿಯುತ್ತಿರಲಿಲ್ಲ. ಅವಳು ಹರಿಯಲಿಲ್ಲ. 'ಕನಿಕರದಿಂದ ಮೆತ್ತಗೆ ತಟ್ಟಿದ್ದೆ, ಇದು ತಪ್ಪು' ಎಂದು ಮೇಲೆ ಬರೆದು, ಎರಡೂ ಹಾಳೆಗಳನ್ನು ಮೇಡಂ ಮುಂದಿಟ್ಟಳು.

ಮೇಡಂ ಓದಿದರು. ಮತ್ತೊಮ್ಮೆ ಓದಿ ಕನ್ನಡಕ ತೆಗೆದರು.

"ನಿನ್ನ ವಯಸ್ಸಲ್ಲಿ ನಾನೂ ಹೀಗೇ ತಟ್ಟಿದ್ದೆ ಕಣೇ" ಎಂದರು. "ಬರೆದಿಡೋ ಧೈರ್ಯ ಮಾತ್ರ ಇರಲಿಲ್ಲ."

ಆಮೇಲೆ ಡ್ರಾಯರಿನಿಂದ ಲ್ಯಾಬಿನ ಇನ್ನೊಂದು ಬೀಗದ ಕೈ ತೆಗೆದು, ಅವಳ ಹಾಳೆಯ ಮೇಲಿಟ್ಟರು.