ಅರ್ಧ ಫೋಟೋ

ಬಾದಾಮಿಯ ಮಂಗಗಳ ಫೋಟೋ ಹಂಚಿಕೊಳ್ಳುವ ನಮ್ಮ ಆನ್‌ಲೈನ್ ಗುಂಪನ್ನು ನಡೆಸುತ್ತಿದ್ದವರು ಇಳಕಲ್ಲಿನ ಒಬ್ಬ ಟೇಲರ್ ಅಕ್ಕ. ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುತ್ತಿದ್ದರು. ಯಾರಿಗೆ ಯಾವ ಕೆಲಸ ಹೇಳಿದರೂ ಕೊನೆಗೆ, "ನಿಮಗ ತ್ರಾಸ ಆದ್ರ ಬ್ಯಾಡ್ರಿ" ಎನ್ನುತ್ತಿದ್ದರು. ಹಾಗೆ ಅಂದ ಮೇಲೆ ಯಾರೂ ತಪ್ಪಿಸಿಕೊಂಡದ್ದಿಲ್ಲ.

ನಾವಿದ್ದದ್ದು ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಸೇರಿ ಆದ ಜಾಲದಲ್ಲಿ. ಒಮ್ಮೆ ನಮ್ಮ ಸರ್ವರ್ ಮುಚ್ಚುತ್ತದೆ ಎಂಬ ಸುದ್ದಿ ಬಂತು. ಗುಂಪು ಚದುರಬಾರದೆಂದು ಅಕ್ಕ ಇನ್ನೊಂದು ಸರ್ವರ್‌ನಲ್ಲಿ ಜಾಗ ಹುಡುಕಿದರು. ಆದರೆ ಅವರವರ ಖಾತೆಯನ್ನು ಅವರವರೇ ಸಾಗಿಸಬೇಕಿತ್ತು, ಹಳೆಯ ಫೋಟೋಗಳು ಜೊತೆಗೆ ಬರುತ್ತಿರಲಿಲ್ಲ. ಎಲ್ಲರೂ ಹೋದರು. ನಾನೊಬ್ಬ ಹಟ ಹಿಡಿದೆ.

"ನನ್ನ ಫೋಟೋ ಬರೂದಿಲ್ಲಂದ್ರ ನಾನೂ ಬರೂದಿಲ್ರಿ ಅಕ್ಕಾರ," ಎಂದು ಬಾಗಲಕೋಟೆಯಿಂದ ಫೋನ್ ಮಾಡಿ ಹೇಳಿದೆ.

"ನಿಮಗ ತ್ರಾಸ ಆದ್ರ ಬ್ಯಾಡ್ರಿ," ಎಂದರು.

ಮರುದಿನ ಹಳೆಯ ಸರ್ವರ್‌ನಲ್ಲಿ ಅಕ್ಕನ ಫೋಟೋ ಒಂದು ಕಾಣಿಸಿತು. ಗುಂಪಿನವರೆಲ್ಲ ಬಾದಾಮಿಗೆ ಹೋದಾಗ ತೆಗೆದದ್ದು. ಗುಡ್ಡದ ಮೆಟ್ಟಿಲ ಮೇಲೆ ಒಂದು ಮಂಗ, ಅದರ ಮುಷ್ಟಿಯಲ್ಲಿ ನನ್ನ ಧೋತರದ ತುದಿ. ಫೋಟೋವನ್ನು ಅಲ್ಲಿಗೇ ಕತ್ತರಿಸಿದ್ದರು. ಕೆಳಗೆ, "ಉಳಿದರ್ಧ ಹೊಸ ಮನ್ಯಾಗ ನೋಡ್ರಿ" ಎಂದು ಬರೆದಿದ್ದರು.

ಹೇಗಾದರೂ ಅದನ್ನು ತೆಗೆಸಬೇಕೆಂದು ಗಡಿಬಿಡಿಯಲ್ಲಿ ಖಾತೆ ಸಾಗಿಸಿ ಓಡಿದೆ. ಉಳಿದರ್ಧದಲ್ಲಿ ಧೋತರ ಭದ್ರವಾಗಿಯೇ ಇತ್ತು. ನಾನು ಮಾತ್ರ ಮಂಗಕ್ಕೆ ಭಕ್ತಿಯಿಂದ ಕೈಮುಗಿದು ನಿಂತಿದ್ದೆ.

"ತಗೀಲೇನ್ರಿ ಅದನ್ನ?" ಎಂದು ಅಕ್ಕ ಕೇಳಿದರು.

ನನ್ನ ಯಾವ ಫೋಟೋಕ್ಕೂ ಸಿಗದಷ್ಟು ಮೆಚ್ಚುಗೆ ಅಷ್ಟರಲ್ಲಿ ಅದಕ್ಕೆ ಬಿದ್ದಿತ್ತು.

"ಇರ್ಲಿ ಬಿಡ್ರಿ," ಎಂದೆ.