ಎರಡನೇ ಪುಟದ ಮೂರನೇ ಸಾಲು

ಓದದ ಹುಡುಗರಿಗೆ ಪುಸ್ತಕ ಕೊಡುವವರನ್ನು ಕಂಡರೆ ನನಗೆ ಈಗ ಮೈ ಉರಿಯುತ್ತದೆ. ಮೊದಲು ಪುಸ್ತಕ ಓದದ ಹುಡುಗರನ್ನು ಕಂಡರೆ ಉರಿಯುತ್ತಿತ್ತು. ಒಟ್ಟಿನಲ್ಲಿ ಉರಿಯದೆ ಇದ್ದದ್ದು ಕಡಿಮೆ. ಈ ಹುಡುಗಿಯ ಬಾಯಿಗೆ ಬಿದ್ದರೆ ಹಸಿ ಸೌದೆಯೂ ಹತ್ತಿಕೊಳ್ಳುತ್ತದೆ ಎಂದು ಅಮ್ಮ ಬದುಕಿದ್ದಾಗ ಹೇಳುತ್ತಿದ್ದಳು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನಾನು ಕೊಪ್ಪದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಮದುವೆಯಾಗಿರಲಿಲ್ಲ, ಆಗುವ ವಯಸ್ಸೂ ದಾಟಿತ್ತು. ಬಾಡಿಗೆ ಮನೆಯ ಒಳಕೋಣೆಯಲ್ಲಿ ಒಂದು ಕಬ್ಬಿಣದ ಬೀರು, ಅದರ ತುಂಬ ಪುಸ್ತಕ. ಸೀರೆಗಳು ಹಗ್ಗದ ಮೇಲೆ ನೇತಾಡುತ್ತಿದ್ದವು. ನನ್ನ ನಂತರ ಆ ಬೀರುವಿನ ಕೀಲಿ ಯಾರ ಕೈಗೆ ಎಂಬುದೊಂದೇ ನನಗಿದ್ದ ಚಿಂತೆ. ನಮ್ಮ ಮನೆತನದಲ್ಲಿ ನನ್ನಂತೆ ಓದುವ ಒಂದು ಜೀವವಾದರೂ ಇರಬೇಕು ಎಂಬ ಹಠ. ಇದ್ದವರು ಅಣ್ಣನ ಇಬ್ಬರು ಗಂಡುಮಕ್ಕಳು ಮಾತ್ರ.

ಅಣ್ಣನಿಗೆ ಶೃಂಗೇರಿಯಲ್ಲಿ ಹಣ್ಣುಕಾಯಿ ಅಂಗಡಿ, ಅದರ ಹಿಂದೆಯೇ ಮನೆ. ದೊಡ್ಡವನು ಏಳನೇ ಕ್ಲಾಸಿಗೆ ಬಂದ ವರ್ಷದಿಂದ ನಾನು ನವರಾತ್ರಿಗೆ ಹೋಗುವಾಗ ಇಬ್ಬರಿಗೂ ಒಂದೊಂದು ಪುಸ್ತಕ ಒಯ್ಯಲು ಶುರು ಮಾಡಿದೆ. ಇಬ್ಬರೂ ಕೈ ಮುಂದೆ ಚಾಚಿ ತೆಗೆದುಕೊಳ್ಳುತ್ತಿದ್ದರು, ಔಷಧಿಗೆ ಕೈ ಚಾಚಿದ ಹಾಗೆ. ಚಿಕ್ಕವನಾದರೂ ಎರಡು ಪುಟ ತಿರುಗಿಸಿ ಚಿತ್ರ ಹುಡುಕುತ್ತಿದ್ದ. ದೊಡ್ಡವನು ತೆರೆಯುತ್ತಲೇ ಇರಲಿಲ್ಲ. ಸೀದಾ ಒಳಗೆ ಹೋಗಿ ಕಪಾಟಿನಲ್ಲಿಟ್ಟು ಅಂಗಡಿಗೆ ಓಡುತ್ತಿದ್ದ. ಸೊಕ್ಕು ಎಂದು ನಾನು ತೀರ್ಮಾನಿಸಿದ್ದೆ. ಸೊಕ್ಕು ತಾಯಿಯಿಂದ ಬಂದದ್ದು ಎಂದೂ ತೀರ್ಮಾನಿಸಿದ್ದೆ. ಅತ್ತಿಗೆ ಭಂಡಿಗಡಿಯವಳು, ಓದಿದ್ದು ಏಳನೇ ಕ್ಲಾಸು. ಅವಳ ಕೈಯಲ್ಲಿ ನಾನು ಒಂದು ವಾರಪತ್ರಿಕೆಯನ್ನೂ ಕಂಡವಳಲ್ಲ.

ಪುಸ್ತಕ ತರುತ್ತಿದ್ದದ್ದು ನರಸಿಂಹರಾಜಪುರದಿಂದ. ಕೊಪ್ಪದ ಅಂಗಡಿಗಳಲ್ಲಿ ನನಗೆ ಕಂಡದ್ದು ಗೈಡು, ನೋಟ್‌ಬುಕ್ಕು, ಪಂಚಾಂಗ. ಗಣಪತಿ ಹಬ್ಬ ಕಳೆದ ಮೇಲೆ ಎನ್.ಆರ್.ಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಭಾಂಗಣದಲ್ಲಿ ಪುಸ್ತಕ ಮಾರಾಟ ಇಡುತ್ತಿದ್ದರು. ನಾನು ಅರ್ಧ ದಿನ ರಜೆ ಹಾಕಿ ಹೋಗುತ್ತಿದ್ದೆ. ಅಲ್ಲಿ ಬಂದ ಅಪ್ಪಂದಿರನ್ನು ನೋಡುವುದೇ ಒಂದು ಕರ್ಮ. ಒಬ್ಬ ಪುಸ್ತಕವನ್ನು ಕೈಯಲ್ಲಿ ತೂಗಿ ದಪ್ಪದ್ದನ್ನು ಆರಿಸುತ್ತಿದ್ದ. ಇನ್ನೊಬ್ಬ ಹಿಂದಿನ ರಟ್ಟು ತಿರುಗಿಸಿ ಬೆಲೆ ನೋಡಿ ಮುಖ ಗಂಟು ಹಾಕುತ್ತಿದ್ದ. ಇವರಿಗೆಲ್ಲ ಮಕ್ಕಳು ಯಾಕೆ ಎಂದು ಮನಸ್ಸಿನಲ್ಲೇ ಬೈದುಕೊಂಡು ನಾನು ಮುಂದೆ ಹೋಗುತ್ತಿದ್ದೆ.

ಮೊದಲ ವರ್ಷವೇ ಮಾರುವವನು ಕೇಳಿದ್ದ. “ಹುಡುಗ ಎಂತೆಲ್ಲ ಓದ್ತಾನೆ ಮೇಡಂ?”

“ಎಂತದೂ ಓದೂದಿಲ್ಲ. ಅದಕ್ಕೇ ಕೊಡೂದು.”

“ಹಂಗಾದ್ರೆ ದೊಡ್ಡ ಅಕ್ಷರದ್ದು, ಚಿತ್ರ ಇದ್ದದ್ದು ತಗೊಳ್ಳಿ. ಅವ್ನಿಗೆ ಎಂತ ಇಷ್ಟ ಅಂತ ಕೇಳಿದ್ರಾ?”

ನನಗೆ ಪಿತ್ತ ನೆತ್ತಿಗೇರಿತು. ಹನ್ನೆರಡು ವರ್ಷದವನಿಗೆ ಚಿತ್ರದ ಪುಸ್ತಕವೇ ಎಂದು ಅವನನ್ನೇ ತಿರುಗಿ ಕೇಳಿ, ಒಬ್ಬ ಮಹಾಪುರುಷರ ಜೀವನಚರಿತ್ರೆ ತೆಗೆದುಕೊಂಡೆ. ಮರುವರ್ಷ ವಿಜ್ಞಾನ. ಅವನಿಗೆ ಏನು ಇಷ್ಟ ಎಂದು ಯೋಚಿಸಿದ್ದು ಒಂದು ದಿನವೂ ಇಲ್ಲ. ಅವನು ಏನಾಗಬೇಕು ಎಂದು ಯೋಚಿಸಿ ಆರಿಸುತ್ತಿದ್ದೆ. ಮೊದಲ ಖಾಲಿ ಹಾಳೆಯಲ್ಲಿ ನನ್ನ ಮುದ್ದಾದ ಅಕ್ಷರದಲ್ಲಿ ಬರೆಯುತ್ತಿದ್ದೆ: ಆಟ, ಟೀವಿ ಬಿಟ್ಟು ಇದನ್ನು ಓದು. ಮನುಷ್ಯನಾಗು. ಕೆಳಗೆ ಅತ್ತೆ ಎಂದು ಸಹಿ, ಕಚೇರಿಯ ಕಾಗದಕ್ಕೆ ಹಾಕಿದ ಹಾಗೆ.

ಮೂರನೇ ವರ್ಷ ಮಾತ್ರ ಕೈಗೆ ಬೇರೆ ಪುಸ್ತಕ ಬಂತು. ಬಸ್ಸಿಗೆ ಹೊತ್ತಾಗಿತ್ತು, ಹತ್ತಿರ ಸಿಕ್ಕಿದ್ದನ್ನು ಎತ್ತಿಕೊಂಡೆ. ಸಮುದ್ರವನ್ನೇ ಕಾಣದ ಊರಿನ ಹುಡುಗನೊಬ್ಬ ದೋಣಿ ಹತ್ತಿ ಹೋಗುವ ಕಥೆ. ಅದರಲ್ಲೂ ಅದೇ ಮಾತು ಬರೆದೆ.

ನಮ್ಮಲ್ಲಿ ನವರಾತ್ರಿಯ ಮೂಲಾ ನಕ್ಷತ್ರದ ದಿನ ಮನೆಯ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಪೇರಿಸಿ, ಪಟ್ಟೆ ವಸ್ತ್ರ ಹೊದಿಸಿ ಸರಸ್ವತಿ ಪೂಜೆ ಮಾಡುತ್ತಾರೆ. ಆಮೇಲೆ ವಿಜಯದಶಮಿಯವರೆಗೆ ಯಾರೂ ಒಂದಕ್ಷರ ಓದಬಾರದು. ದಶಮಿಯ ಬೆಳಿಗ್ಗೆ ಮರುಪೂಜೆ ಮಾಡಿ ಪುಸ್ತಕ ತೆಗೆದು, ಮಕ್ಕಳು ದೇವರ ಮುಂದೆ ಕೂತು ಒಂದು ಪುಟ ಗಟ್ಟಿಯಾಗಿ ಓದಬೇಕು. ಓದದ ಹುಡುಗರಿಗೆ ಇದಕ್ಕಿಂತ ಸುಖದ ಹಬ್ಬ ಇಲ್ಲ. ನಾನು ಕೊಟ್ಟ ಪುಸ್ತಕಗಳು ವರ್ಷಕ್ಕೊಮ್ಮೆ ಹೊರಬಂದು ಕುಂಕುಮ ಹಚ್ಚಿಸಿಕೊಂಡು ಮತ್ತೆ ಕಪಾಟು ಸೇರುತ್ತಿದ್ದವು. ಎಷ್ಟು ವರ್ಷ ಓದಿಲ್ಲ ಎಂಬುದನ್ನು ರಟ್ಟಿನ ಮೇಲಿನ ಕುಂಕುಮದ ಬೊಟ್ಟು ಎಣಿಸಿ ಹೇಳಬಹುದಿತ್ತು. ಮೊದಲೆರಡು ದಶಮಿಯಲ್ಲಿ ದೊಡ್ಡವನು ಓದಲೇ ಇಲ್ಲ. ಅಂಗಡಿಯಲ್ಲಿ ಯಾತ್ರಿಕರ ಗದ್ದಲ ಎಂದು ಅತ್ತಿಗೆ ಅವನನ್ನು ಆಚೆ ಕಳಿಸಿದ್ದಳು. ಅವಳಿಗೆ ಹಣ್ಣುಕಾಯಿಯೇ ಸರಸ್ವತಿ ಎಂದು ನಾನು ಅಣ್ಣನ ಎದುರೇ ಅಂದಿದ್ದೆ.

ಮೂರನೇ ವರ್ಷ ದೋಣಿಯ ಪುಸ್ತಕವನ್ನು ನಾನು ಹಬ್ಬದವರೆಗೆ ಕಾಯದೆ ಮೂರು ವಾರ ಮೊದಲೇ ಕೊಟ್ಟಿದ್ದೆ. ಆ ದಶಮಿಗೆ ದೊಡ್ಡವನು ತಾನಾಗಿ ಬಂದು ಕೂತ. ಆ ಪುಸ್ತಕ ತೆಗೆದು ಮೊದಲ ಪುಟವನ್ನು ಎಲ್ಲೂ ತಡವರಿಸದೆ, ನಿಲ್ಲಿಸುವಲ್ಲಿ ನಿಲ್ಲಿಸಿ, ಚಂದವಾಗಿ ಓದಿದ. ನನ್ನ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ಬೀರುವಿನ ಕೀಲಿ ಯಾರಿಗೆ ಎಂಬುದು ಅವತ್ತು ನಿಶ್ಚಯವಾಯಿತು. ಹೊರಡುವಾಗ ಅತ್ತಿಗೆಗೆ ಹೇಳಿದೆ.

“ನೋಡಿದ್ಯಾ ಅತ್ತಿಗೆ, ನಿನ್ನ ಕೈಯಲ್ಲಿ ಆಗದ್ದು ನನ್ನ ಒಂದು ಪುಸ್ತಕದಿಂದ ಆಯ್ತು.”

ಅವಳು ಬಾಳೆಎಲೆ ಒರೆಸುತ್ತಾ “ಆಯ್ತಲ್ಲ, ಒಳ್ಳೇದೇ” ಅಂದಳು.

ನಾಲ್ಕನೇ ವರ್ಷ ಅವನು ಹತ್ತನೇ ಕ್ಲಾಸು. ಅತ್ತಿಗೆಯ ತವರಿನವರೂ ನಾಲ್ಕೈದು ಜನ ಹಬ್ಬಕ್ಕೆ ಬಂದಿದ್ದರು. ಮರುಪೂಜೆಯಾಯಿತು. ನಾನು ಆ ವರ್ಷ ತಂದ ಹೊಸ ಪುಸ್ತಕವನ್ನು ಪಕ್ಕಕ್ಕೆ ಸರಿಸಿ ಅವನು ಮತ್ತೆ ದೋಣಿಯ ಪುಸ್ತಕವನ್ನೇ ತೆಗೆದ. ಅದೇ ಮೊದಲ ಪುಟ, ಅದೇ ಉಸಿರು, ಅದೇ ನಿಲುಗಡೆ. ಅವನ ಕಣ್ಣು ಪುಟದ ಮೇಲಿರಲಿಲ್ಲ, ದೀಪದ ಮೇಲಿತ್ತು. ವರ್ಷವಿಡೀ ಕಚೇರಿಯಲ್ಲಿ ಎಲ್ಲರೆದುರು ಇವನನ್ನು ಹೊಗಳಿಕೊಂಡು ತಿರುಗಿದವಳು ನಾನು. ಒಂದು ವರ್ಷದಲ್ಲಿ ಹಾಳೆ ಮಗುಚಿಲ್ಲ ಎಂದು ಗೊತ್ತಾದಾಗ ತಲೆ ಕೆಟ್ಟುಹೋಯಿತು.

“ಸಾಕು. ಹಾಳೆ ಮಗುಚು. ಎರಡನೇ ಪುಟ ಓದು.”

ಅವನು ತಲೆ ಎತ್ತಲಿಲ್ಲ. ಚಿಕ್ಕವನು ನಡುವೆ ಬಾಯಿ ಹಾಕಿದ. “ಅತ್ತೆ, ನಾನು ಓದ್ತೀನಿ, ನಂದಿನ್ನೂ ಆಗ್ಲಿಲ್ಲ.”

“ನಿನ್ನನ್ನು ಕೇಳಲಿಲ್ಲ.”

ಅತ್ತಿಗೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. “ಹೋಗ್ಲಿ ಬಿಡು. ದೇವರ ಮುಂದೆ ಒಂದು ಪುಟ ಓದಿದ್ರೆ ಸಾಕಲ್ದಾ?”

“ನೀನು ಹೀಗೆ ತಲೆ ಮೇಲೆ ಕೂರಿಸಿಕೊಂಡೇ ಇವನು ಹೀಗಾದದ್ದು” ಅಂದೆ.

ನಾನು ಪುಸ್ತಕ ಕಿತ್ತುಕೊಂಡು ನೋಡಿದೆ. ಮೊದಲ ಪುಟದ ತುಂಬ ಅಕ್ಷರ ಅಕ್ಷರದ ನಡುವೆ ಪೆನ್ಸಿಲಿನ ಗೀಟು. “ಪುಸ್ತಕಕ್ಕೆ ಗೀಚೂದು ಬೇರೆ” ಎಂದು ಗದರಿ, ಹಾಳೆ ಮಗುಚಿ ಅವನ ಕೈಗೆ ತುರುಕಿದೆ. ಅವನು ಬೆರಳಿಟ್ಟು ಶುರು ಮಾಡಿದ. ಒಂದೊಂದು ಅಕ್ಷರವನ್ನು ಬಾವಿಯಿಂದ ಸೇದಿದ ಹಾಗೆ ಮೇಲೆತ್ತುತ್ತಿದ್ದ. ಒತ್ತಕ್ಷರ ಬಂದಲ್ಲಿ ತುಟಿ ನಡುಗುತ್ತಿತ್ತು. ಮೂರು ಸಾಲಾಗುವಷ್ಟರಲ್ಲಿ ಕುತ್ತಿಗೆಯೆಲ್ಲ ಬೆವತು ನಿಂತುಬಿಟ್ಟ. ಯಾರೋ ಕಿಸಕ್ಕನೆ ನಕ್ಕರು. ನಾನು ಅಲ್ಲಿಗಾದರೂ ಸುಮ್ಮನಾಗಬೇಕಿತ್ತು.

“ಮುಂದೆ? ನಾಲಿಗೆ ಬಿದ್ದು ಹೋಯ್ತಾ? ಹತ್ತನೇ ಕ್ಲಾಸಿನವನಿಗೆ ಕನ್ನಡ ಓದಲಿಕ್ಕೆ ಬರೂದಿಲ್ವಾ?”

ಬೈಗುಳವೆಂದು ಆಡಿದ್ದೆ. ಅದು ನಿಜವೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಒಟ್ಟಿಗೇ ತಿಳಿಯಿತು. ಅಣ್ಣನ ಮುಖ ಕಪ್ಪಿಟ್ಟಿತು. ಅವನಿಗೂ ಅವತ್ತಿನವರೆಗೆ ಗೊತ್ತಿರಲಿಲ್ಲ. ದೊಡ್ಡವನು ಪುಸ್ತಕವನ್ನು ಮಣೆಯ ಮೇಲಿಟ್ಟು, ಅದಕ್ಕೆ ನಮಸ್ಕಾರ ಮಾಡಿ, ಎದ್ದು ಹೋದ.

ಅಡಿಗೆಮನೆಯಲ್ಲಿ ಅತ್ತಿಗೆ ನನಗೆ ಬೆನ್ನು ಹಾಕಿ ನಿಂತೇ ಮಾತಾಡಿದಳು. ಹದಿನೇಳು ವರ್ಷದಲ್ಲಿ ಅವಳು ನನ್ನ ಹತ್ತಿರ ಅಷ್ಟು ಮಾತಾಡಿದ್ದು ಅದೊಂದೇ ಸಲ.

“ಅಕ್ಷರ ಅವ್ನ ಕಣ್ಣಿಗೆ ನಿಲ್ಲೂದಿಲ್ಲ, ಸಣ್ಣಿಂದ. ಕೇಳಿದ್ದು ಒಂದೂ ಮರೆಯೂದಿಲ್ಲ. ಒಂಬತ್ತರವರೆಗೆ ಮೇಷ್ಟ್ರು ಹೇಗೋ ದಾಟಿಸಿದ್ರು. ದಿನಾ ಬೆಳಿಗ್ಗೆ ಅವ್ನು ಕಾಯಿ ಸುಲಿತಾನೆ, ನಾನು ಕೂತು ಪಾಠ ಓದ್ತೀನಿ. ಉತ್ತರ ಎಲ್ಲ ಅವ್ನ ತಲೇಲುಂಟು, ಪ್ರಶ್ನೆ ಓದಿ ನಾಲ್ಕು ಸಾಲು ಬರೆಯೂದೊಂದು ಬಂದ್ರೆ ಪಾಸಾಗ್ತಾನೆ. ಇವ್ರಿಗೆ ಗೊತ್ತಾದ್ರೆ ಶಾಲೆ ಬಿಡಿಸ್ತಾರೆ ಅಂತ ಮುಚ್ಚಿಟ್ಟಿದ್ದೆ.”

ಅವಳು ಒಲೆಗೆ ಸೌದೆ ತಳ್ಳಿದಳು.

“ಶಾಲೆ ಪುಸ್ತಕ ಹಿಡಿದ್ರೆ ಕಣ್ಣಲ್ಲಿ ನೀರು ಹಾಕ್ತಿದ್ದ. ಆ ದೋಣಿ ಪುಸ್ತಕ ಒಂದೇ ಮುಟ್ಟಿದ್ದು. ಅತ್ತೆ ದಶಮಿಗೆ ಬರ್ತಾಳೆ, ಓದಿ ತೋರಿಸ್ಬೇಕು ಅಂತ ಮೊದಲ ಪುಟ ನನ್ನ ಬಾಯಿಂದ ಕೇಳಿ ಕೇಳಿ ಕಲಿತ. ಆಮೇಲೆ ವರ್ಷವಿಡೀ ಅದೇ ಪುಟದಲ್ಲಿ ಅಕ್ಷರ ಗುರುತು ಹಿಡಿಯೂದು ಕಲಿಸಿದೆ, ಗೀಟು ಹಾಕಿ. ಮೊದಲ ಹಾಳೇಲಿ ನೀನು ಎಂತ ಬರ್ದಿದೀಯ ಅಂತ ಕೇಳಿದ್ದ. ಪ್ರೀತಿಯ ಮಾಣಿಗೆ ಅಂತ ಬರ್ದಿದಾಳೆ ಅಂದೆ.”

ಅವಳು ಒಲೆಯ ಮೇಲಿನ ಪಾತ್ರೆ ಇಳಿಸಿದಳು. “ಊಟ ಮಾಡ್ಕೊಂಡು ಹೋಗು” ಅಂದಳು. ನಾನು ಊಟ ಮಾಡಲಿಲ್ಲ. ಹರಿಹರಪುರದ ಮೇಲೆ ಹೋಗುವ ಬಸ್ಸು ಹಿಡಿದು ಕೊಪ್ಪಕ್ಕೆ ಬಂದೆ. ಹಾಗೆ ಓದಲು ಬಾರದಿರುವುದಕ್ಕೆ ಒಂದು ಹೆಸರಿದೆ, ಅದಕ್ಕೆ ಕಲಿಸುವ ದಾರಿಯಿದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಬೀರು ತುಂಬ ಪುಸ್ತಕ ಓದಿದ ನನಗೆ ಆಗ ಗೊತ್ತಿದ್ದ ಹೆಸರು ಸೊಕ್ಕು. ಏಳನೇ ಕ್ಲಾಸಿನ ಅತ್ತಿಗೆ ಅದಕ್ಕೆ ಹೆಸರನ್ನೇ ಇಡದೆ ಪೆನ್ಸಿಲು ಹಿಡಿದು ಕೂತಿದ್ದಳು.

ದಸರಾ ರಜೆ ಮುಗಿದ ಮೇಲೆ ಅಣ್ಣ ಅವನನ್ನು ಶಾಲೆಗೆ ಕಳಿಸಲಿಲ್ಲ. ಸುದ್ದಿ ಕೇಳಿ ನಾನು ಅಣ್ಣನಿಗೆ ಫೋನು ಮಾಡಿ ಜಗಳಕ್ಕೆ ನಿಂತೆ. ಪರೀಕ್ಷೆಗೆ ಐದಾರು ತಿಂಗಳಿದೆ, ಹೇಗಾದರೂ ಕೂರಿಸು ಎಂದೆ.

“ಅಕ್ಷರ ಬಾರದವನು ಪರೀಕ್ಷೆಯಲ್ಲಿ ಎಂತ ಬರೀತಾನೆ? ಅದನ್ನು ನಾಲ್ಕು ಜನರ ಎದುರು ತೋರಿಸಿಕೊಟ್ಟದ್ದೇ ನೀನಲ್ದಾ ಮಾರಾಯ್ತಿ” ಅಂದ.

ಕಾರ್ತಿಕ ಮಾಸದಲ್ಲಿ ಒಂದು ಭಾನುವಾರ ಶೃಂಗೇರಿಗೆ ಹೋದೆ. ಮನೆಗೆ ಹೋಗುವ ಧೈರ್ಯವಾಗದೆ ಅಂಗಡಿಯ ಮುಂದೆ ನಿಂತೆ. ದೊಡ್ಡವನೊಬ್ಬನೇ ಇದ್ದ. ಹೊಸದಾಗಿ ಮೀಸೆ ಬರುತ್ತಿತ್ತು. ನನ್ನನ್ನು ನೋಡಿ, ಎಲ್ಲ ಗಿರಾಕಿಗಳನ್ನು ಕೇಳುವ ಹಾಗೆಯೇ ಕೇಳಿದ.

“ಹಣ್ಣುಕಾಯಿ ಕೊಡ್ಲಾ?”

ಕೊಡು ಎಂದೆ. ಬುಟ್ಟಿಗೆ ಕಾಯಿ, ಬಾಳೆಹಣ್ಣು, ಹೂವು ಹಾಕಿದ. ಕುಂಕುಮ ಕಟ್ಟಲು ಕಾಗದಕ್ಕೆ ಹಲಗೆಯ ಕೆಳಗೆ ಕೈ ಹಾಕಿದ. ಅಲ್ಲಿ ರದ್ದಿಯ ರಾಶಿಯ ಮೇಲೆ ದೋಣಿಯ ಪುಸ್ತಕ ಇತ್ತು.

ನಾನು ಒಂದೇ ಉಸಿರಿಗೆ ಹೇಳಿದೆ. “ನನ್ನದು ತಪ್ಪಾಯ್ತು ಮಾಣಿ. ಪ್ರತಿ ಭಾನುವಾರ ಬರ್ತೀನಿ. ಆ ಕಥೆ ಪೂರ್ತಿ ನಾನೇ ನಿನಗೆ ಓದಿ ಹೇಳ್ತೀನಿ. ಆ ಹುಡುಗ ದೋಣಿ ಹತ್ತಿದ ಮೇಲೆ ಎಂತಾಯ್ತು ಅಂತ ಗೊತ್ತಾಗೂದು ಬೇಡ್ವಾ?”

“ಬೇಡ.”

ಅವನು ಪುಸ್ತಕ ತೆರೆದು ಕಥೆಯ ಮೊದಲ ಹಾಳೆಯನ್ನು ನಿಧಾನವಾಗಿ, ಅಂಚು ಹರಿಯದ ಹಾಗೆ ಕಿತ್ತ. ಕುಂಕುಮ ಸುರಿದು ಪೊಟ್ಟಣ ಕಟ್ಟಿ ಬುಟ್ಟಿಯಲ್ಲಿಟ್ಟ.

“ಇದು ನಂಗೆ ಬಾಯಿಗೆ ಬರ್ತದೆ. ಇಟ್ಕೊಂಡು ಎಂತ ಮಾಡೂದು” ಎಂದು ಹಿಂದೆ ನಿಂತಿದ್ದ ಗಿರಾಕಿಯ ಕಡೆ ತಿರುಗಿದ.

ನಾನು ದೇವಸ್ಥಾನಕ್ಕೆ ಹೋಗಲಿಲ್ಲ. ಬಸ್ಸಿನಲ್ಲಿ ಕೂತು ಪೊಟ್ಟಣ ಬಿಚ್ಚಿದೆ. ಮೊದಲ ಪುಟದ ಗೀಟುಗಳು ಅತ್ತಿಗೆಯವು, ನೇರವಾಗಿದ್ದವು. ಹಾಳೆ ತಿರುಗಿಸಿದೆ. ಎರಡನೇ ಪುಟದಲ್ಲೂ ಗೀಟುಗಳಿದ್ದವು, ಆದರೆ ಸೊಟ್ಟಸೊಟ್ಟ, ಕೆಲವು ಕಡೆ ಅಳಿಸಿ ಮತ್ತೆ ಹಾಕಿದವು. ಅವು ಅವನ ಕೈಯವು. ಮೂರನೇ ಸಾಲಿಗೆ ನಿಂತಿದ್ದವು. ದಶಮಿಯ ದಿನ ಅವನು ನಡುಗುತ್ತ ಓದಿದ ಮೂರು ಸಾಲು ಯಾರೂ ಬಾಯಿಪಾಠ ಮಾಡಿಸಿದ್ದಲ್ಲ. ಅವನು ತಾನಾಗಿ ಓದಿದ್ದ.