ಟೋನಕ್ಕ ಸಾಕಿದ ಸದ್ದು

ಕೀಬೋರ್ಡ್ ನುಡಿಸುವವರೆಲ್ಲ ಆಕೆಯನ್ನು ಟೋನಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಬ್ಯಾಂಕಿನವರು ಬಿಟ್ಟರೆ ಇನ್ಯಾರೂ ಬಳಸುತ್ತಿರಲಿಲ್ಲ. ವಾದ್ಯಗೋಷ್ಠಿಯವರ ಮಾತಿನಲ್ಲಿ ಟೋನ್ ಎಂದರೆ ಧ್ವನಿಯ ಬಣ್ಣ. ಅದೇ ಕೀ ಒತ್ತಿದರೂ ಒಂದು ಟೋನಿನಲ್ಲಿ ಕೊಳಲು ಕೇಳುತ್ತದೆ, ಇನ್ನೊಂದರಲ್ಲಿ ಪಿಟೀಲು, ಮತ್ತೊಂದರಲ್ಲಿ ಭೂಮಿಯ ಮೇಲೆ ಎಲ್ಲೂ ಇಲ್ಲದ ಯಾವುದೋ ವಾದ್ಯ. ಆ ಬಣ್ಣಗಳನ್ನು ತಯಾರಿಸಿ ಕೊಡುವುದೇ ಆಕೆಯ ಕಸುಬು. ಮನೆಯ ಮುಂದಿನ ಕೋಣೆಯಲ್ಲಿ ಮೈತುಂಬ ತಿರುಗಣಿಗಳಿದ್ದ ಸಿಂಥಸೈಸರ್, ಎರಡು ಸ್ಪೀಕರ್, ಸದ್ದು ಹೊರಗೆ ಹೋಗದಂತೆ ಗೋಡೆಗೆ ಬಡಿದ ಹಳೆಯ ಕಂಬಳಿಗಳು. "ಅಕ್ಕಾ, ಈ ಕೊಳಲಿಗೆ ನೆಗಡಿ ಆದಂಗಿದೆ, ಸ್ವಲ್ಪ ನೋಡಿ" ಎಂದು ಯಾರಾದರೂ ಬಂದರೆ ಆಕೆ ಕತ್ತು ವಾಲಿಸಿ ಕೇಳಿ, ಎರಡು ತಿರುಗಣಿ ಅತ್ತಿತ್ತ ಮಾಡಿ, ನೆಗಡಿ ಬಿಡಿಸಿ ಕಳಿಸುತ್ತಿದ್ದಳು.

ತನ್ನ ಕಿವಿಯ ಬಗ್ಗೆ ಟೋನಕ್ಕನಿಗೆ ಜಂಭವಿತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ. ತಿರುವಿನಲ್ಲಿ ಬಸ್ಸು ಬ್ರೇಕ್ ಹಾಕಿದರೆ ಅದು ಯಾವ ಸ್ವರದಲ್ಲಿ ಕಿರುಚಿತು ಎಂದು ಹೇಳುತ್ತಿದ್ದಳು. ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡನಿಗೆ ಮಾತ್ರ ಎಲ್ಲ ಟೋನೂ ಒಂದೇ. ಏನು ಕೇಳಿಸಿದರೂ "ಚೆನ್ನಾಗಿದೆ" ಎಂದು ಮತ್ತೆ ಪೇಪರಿನೊಳಗೆ ತಲೆ ಹುದುಗಿಸುತ್ತಿದ್ದ. ಕಳೆದ ವರ್ಷ ಮನೆಗೆ ಬಂದ ಸೊಸೆ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು. "ನಂಗೆ ಸಂಗೀತದ ಗಂಧಗಾಳಿನೂ ಇಲ್ಲ ಅತ್ತೆ" ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದಳು. ಒಮ್ಮೆ ಬಚ್ಚಲಲ್ಲಿ ಅವಳು ಹಾಡಿಕೊಂಡಿದ್ದನ್ನು ಕೇಳಿದ ಮೇಲೆ ಅತ್ತೆ ಆ ಮಾತನ್ನು ಪೂರ್ತಿ ನಂಬಿದ್ದಳು.

ಹೀಗಿರುವಾಗ ನಾಟಕದ ಮೇಷ್ಟ್ರು ಬಂದರು. ಕೂದಲೆಲ್ಲ ಬೆಳ್ಳಗಾದ, ಆದರೆ ಹಠ ಒಂದಿಷ್ಟೂ ಮಾಸದ ಮನುಷ್ಯ. ಅವರ ಹೊಸ ನಾಟಕದ ಕೊನೆಯಲ್ಲಿ, ಬಹಳ ಕಾಲ ಕತ್ತಲ ಸೆರೆಯಲ್ಲಿದ್ದ ಹೆಂಗಸೊಬ್ಬಳು ಹೊರಗೆ ಬಂದು ಬೆಳಕು ನೋಡುತ್ತಾಳೆ. ಅಲ್ಲಿ ಮಾತಿಲ್ಲ. ಬೆಳಕು ನಿಧಾನವಾಗಿ ಏರುತ್ತದೆ, ಅದರ ಜೊತೆ ಒಂದು ಸದ್ದು.

"ಯಾವ ವಾದ್ಯದ್ದೂ ಅನ್ನಿಸಬಾರದು," ಎಂದರು ಮೇಷ್ಟ್ರು. "ಯಾರೋ ಕೂತು ಮಾಡಿದ್ದು ಅಂತಾನೂ ಅನ್ನಿಸಬಾರದು."

ಟೋನಕ್ಕ ಮಾಡಿ ಮಾಡಿ ಕೇಳಿಸಿದಳು. ಪ್ರತಿ ಸಲವೂ ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿ, "ಚೆನ್ನಾಗಿ ಮಾಡಿದೀರಿ" ಅನ್ನುತ್ತಿದ್ದರು. ಮಾಡಿದ್ದೀರಿ ಅನ್ನುವುದೇ ಕುಂದಾಗಿತ್ತು. ಆಕೆಗೆ ರೇಗಿಹೋಯಿತು. ಊಟದ ಹೊತ್ತಿಗೆ ತಟ್ಟೆಯ ಮುಂದೆ ಕೂತು ಮೇಷ್ಟ್ರ ಜನ್ಮ ಜಾಲಾಡುತ್ತಿದ್ದಾಗ ಸೊಸೆ ಮೆಲ್ಲಗೆ ಬಾಯಿಬಿಟ್ಟಳು.

"ಅತ್ತೆ, ಮಾಡೋದು ಬೇಡ. ಬೆಳೆಸೋಣ."

ಅವಳು ವಿವರಿಸಿದ್ದು ಹೀಗೆ. ಸಿಂಥಸೈಸರಿನ ಒಂದೊಂದು ತಿರುಗಣಿ ಎಲ್ಲಿ ನಿಂತಿದೆ ಎಂಬುದನ್ನು ಒಂದೊಂದು ಅಂಕಿಯಾಗಿ ಬರೆಯಬಹುದು. ಹಾಗಾದರೆ ಒಂದು ಸದ್ದು ಎಂದರೆ ಅಂಕಿಗಳ ಒಂದು ಸಾಲು. ಕಂಪ್ಯೂಟರ್ ಮೊದಲು ಕಣ್ಣುಮುಚ್ಚಿ ಎಂಟು ಸಾಲು ಹುಟ್ಟಿಸುತ್ತದೆ. ಅವುಗಳಲ್ಲಿ ಕೇಳಲು ಹಿತವಾದ ಎರಡನ್ನು ಆರಿಸಿದರೆ ಅವೇ ಅಪ್ಪ ಅಮ್ಮ. ಅವಕ್ಕೆ ಹುಟ್ಟುವ ಎಂಟು ಮಕ್ಕಳಿಗೆ ಕೆಲವು ಅಂಕಿ ಅಪ್ಪನಿಂದ, ಕೆಲವು ಅಮ್ಮನಿಂದ, ಒಂದೆರಡು ಮಾತ್ರ ಯಾವ ಕಾರಣವೂ ಇಲ್ಲದೆ ಬೇರೆ. ಆ ಎಂಟು ಮಕ್ಕಳಲ್ಲಿ ಮತ್ತೆ ಎರಡನ್ನು ಆರಿಸಬೇಕು. ಹೀಗೇ ತಲೆಮಾರಿನ ಮೇಲೆ ತಲೆಮಾರು.

"ನಾಯಿ ತಳಿ ಮಾಡೋರು, ಗುಲಾಬಿ ತಳಿ ಮಾಡೋರು ಮಾಡೋದೂ ಇದನ್ನೇ," ಎಂದಳು ಸೊಸೆ.

"ಎಲ್ಲಾ ಅದೇ ಮಾಡಿದ್ರೆ ನಾನು ಏನು ಮಾಡ್ಲಿ? ಒಲೆ ಮುಂದೆ ಕೂತ್ಕೊಳ್ಲಾ?"

"ಆರಿಸೋದು ನೀವೇ ಅಲ್ವಾ? ಅದಕ್ಕೆ ಕಿವಿ ಇಲ್ಲ. ಯಾವುದು ಚೆಂದ ಅಂತ ಅದಕ್ಕೆ ಗೊತ್ತಾಗಲ್ಲ. ನಿಮ್ಮ ಕಿವಿನೇ ಅದಕ್ಕೆ ದೇವರು."

ದೇವರ ಪಟ್ಟ ಯಾರಿಗೆ ಬೇಡ? ಟೋನಕ್ಕ ಒಪ್ಪಿದಳು.

ಮೊದಲ ತಲೆಮಾರು ಕೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ಕಟ್ಟಿಕೊಂಡ ಸಿಂಕಿನ ಹಾಗಿತ್ತು, ಇನ್ನೊಂದು ಸುಟ್ಟುಹೋಗುತ್ತಿರುವ ಮಿಕ್ಸಿ. ಮೂರನೆಯದರಲ್ಲಿ ಸದ್ದೇ ಇರಲಿಲ್ಲ. "ಇದು ನಿಮ್ಮ ಮಾವನ ಕಡೇದು" ಎಂದಳು ಟೋನಕ್ಕ. ಆದರೆ ಆರೇಳು ತಲೆಮಾರು ಕಳೆಯುವ ಹೊತ್ತಿಗೆ ನಗು ನಿಂತಿತು. ಟೋನಕ್ಕ ಯೋಚಿಸಿಯೂ ಇರದ ಸದ್ದುಗಳು ಹುಟ್ಟತೊಡಗಿದ್ದವು. ಇದಕ್ಕೆ ಈ ನಡುಕ ಎಲ್ಲಿಂದ ಬಂತು, ಅಜ್ಜಿಯಿಂದಲೇ, ಅಥವಾ ತಾನಾಗಿ ಬಂದದ್ದೇ ಎಂದು ಆಕೆ ಅಂಕಿಗಳ ಸಾಲನ್ನು ಹಿಂದೆ ಮುಂದೆ ಮಾಡಿ ಹುಡುಕುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ. ಬೆಳಕಿನ ಸದ್ದು ಬೇಕಾಗಿತ್ತಲ್ಲ, ಅದಕ್ಕೆ ಪ್ರತಿ ಸಲವೂ ಎಂಟರಲ್ಲಿ ಒಂದಿಷ್ಟು ಹೆಚ್ಚು ಹೊಳಪಿರುವುದನ್ನೇ, ಎಂದರೆ ಮೇಲಿನ ಸ್ಥಾಯಿ ತುಸು ಹೆಚ್ಚು ಮಿನುಗುವುದನ್ನೇ, ಆರಿಸುತ್ತ ಹೋದಳು.

ಮೊದಮೊದಲು ಪಕ್ಕದಲ್ಲೇ ಕೂರುತ್ತಿದ್ದ ಸೊಸೆಗೆ ಬರಬರುತ್ತ ಬೇರೆ ಕೆಲಸಗಳು ಹುಟ್ಟಿಕೊಂಡವು. ಉತ್ತರಪತ್ರಿಕೆ ತಿದ್ದಬೇಕು ಅನ್ನುವಳು, ಬಟ್ಟೆ ಒಣಗಿಸಬೇಕು ಅನ್ನುವಳು, ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವಳು. ಬರೀ ಆರಂಭಶೂರತ್ವ ಎಂದುಕೊಂಡಳು ಅತ್ತೆ. ಒಳಗೊಳಗೇ ಬೇಸರವೂ ಆಯಿತು. ಆದರೆ ಸದ್ದು ಆ ಹೊತ್ತಿಗೆ ಆಕೆಯನ್ನು ಪೂರ್ತಿ ಹಿಡಿದುಬಿಟ್ಟಿತ್ತು. ತಳದಲ್ಲಿ ಅಗಲವಾದ ಒಂದು ಗುಂಯ್‌ಗುಡುವಿಕೆ, ಅದರೊಳಗಿಂದ ಏನೋ ಬಿಚ್ಚಿಕೊಳ್ಳುತ್ತ ಮೇಲೆ ಮೇಲೆ ಹೋಗುವುದು. ಕೇಳಿದಾಗಲೆಲ್ಲ ಆಕೆಯ ಮೈ ಜುಮ್ಮೆನ್ನುತ್ತಿತ್ತು.

ರಂಗಮಂದಿರದಲ್ಲಿ ಹಾಕಿ ಕೇಳಿಸಿದಾಗ ಮೇಷ್ಟ್ರು ಕಣ್ಣೊರೆಸಿಕೊಂಡರು. "ಇದೇ ರೀ! ಇದನ್ನ ಯಾರೂ ಮಾಡಿಲ್ಲ!" ಅವರ ವಯಸ್ಸಿನವನೇ ಆದ ಲೈಟಿನವನು ಏಣಿಯ ಮೇಲಿಂದಲೇ ತಲೆದೂಗಿದ.

ತೊಂದರೆ ಶುರುವಾದದ್ದು ತಾಲೀಮಿನಲ್ಲಿ. ಸೆರೆಯ ಹೆಂಗಸಿನ ಪಾತ್ರ ಮಾಡುವವಳು ಆಗಷ್ಟೇ ಕಾಲೇಜು ಮುಗಿಸಿದ ಹುಡುಗಿ. ಸದ್ದು ಏರುತ್ತಿದ್ದ ಹಾಗೆ ಅವಳು ಹೆಗಲು ಕುಗ್ಗಿಸಿ, ಮುಖ ಕಿವುಚಿ, ನಡುರಂಗದಲ್ಲೇ ನಿಂತುಬಿಟ್ಟಳು.

"ಸರ್, ಆಗ್ತಾ ಇಲ್ಲ. ಹಲ್ಲೆಲ್ಲ ಜುಂ ಅಂತಿದೆ."

"ಅನುಭವಿಸಮ್ಮಾ! ಬೆಳಕು ಅದು!" ಎಂದು ಗದರಿದರು ಮೇಷ್ಟ್ರು.

ಎರಡನೆಯ ಸಲ ಅವಳು ಕಿವಿಗೆ ಹತ್ತಿ ತುರುಕಿಕೊಂಡು ಬಂದಳು. ಪರದೆಯ ಪಕ್ಕದಲ್ಲಿ ಉಳಿದ ಹುಡುಗ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೋನಕ್ಕ ಅದನ್ನು ಕಂಡು ಉರಿದುಹೋದಳು. ದಾರಿಯುದ್ದಕ್ಕೂ ಈಗಿನ ಕಾಲದವರ ಕಿವಿಗೆ ಶಾಪ ಹಾಕುತ್ತ ಮನೆಗೆ ಬಂದಳು.

ಆದರೆ ಆಕೆಯ ಸಿಟ್ಟು ಯಾವತ್ತೂ ಆಕೆಯ ಕುತೂಹಲದ ಮುಂದೆ ಹೆಚ್ಚು ಹೊತ್ತು ನಿಂತದ್ದಿಲ್ಲ. ಚಪ್ಪಲಿ ಬಿಡುವಾಗಲೇ ಒಂದು ಯೋಚನೆ ಬಂತು. ಮುಖ ಕಿವುಚಿದವರು ಯಾರು ಯಾರು? ಮೇಷ್ಟ್ರು ಅಲ್ಲ, ಲೈಟಿನವನಲ್ಲ, ಟಿಕೆಟ್ ಕೊಡುವ ಹಿರಿಯ ಹೆಂಗಸೂ ಅಲ್ಲ. ಕಿವುಚಿದವರೆಲ್ಲ ಚಿಕ್ಕವರು. ಒಬ್ಬರಿಗೆ ಹಿಡಿಸದಿದ್ದರೆ ಅದು ಅವರವರ ರುಚಿ. ಒಂದು ವಯಸ್ಸಿನವರಿಗೆಲ್ಲ ಹಿಡಿಸದಿದ್ದರೆ? ಹಿಂದಿನ ಕೋಣೆಯ ಮುಚ್ಚಿದ ಬಾಗಿಲು ಕಣ್ಣಿಗೆ ಬಿತ್ತು. ಸೊಸೆಯೂ ಚಿಕ್ಕವಳೇ.

ಮರುದಿನ ರಜೆ. ತಿಂಡಿಯಾದ ಮೇಲೆ ಸೊಸೆಯನ್ನು ಕರೆದು ಸ್ಪೀಕರಿನ ಮುಂದೆ ಕೂರಿಸಿದಳು.

"ಒಂದು ಸಿಳ್ಳೆ ಹಾಕ್ತೀನಿ. ಅದು ಮೇಲೆ ಹೋಗ್ತಾ ಇರುತ್ತೆ. ಕಣ್ಣು ಮುಚ್ಕೊಂಡು ಕೈ ಎತ್ತು. ಕೇಳೋದು ನಿಂತಾಗ ಇಳಿಸು."

ತಾನೂ ಕೈ ಎತ್ತಿದಳು. ಸಿಳ್ಳೆ ಏರಿತು, ತೆಳ್ಳಗಾಯಿತು, ದಾರದಷ್ಟು ಸಣ್ಣಗಾಯಿತು, ನಿಂತಿತು. ಟೋನಕ್ಕ ಕೈ ಇಳಿಸಿದಳು. ಸೊಸೆಯ ಕೈ ಮೇಲೇ ಇತ್ತು. ಎಲ್ಲೋ ವೈರು ಕಳಚಿತೇನೋ ಎಂದು ಕಂಪ್ಯೂಟರಿನ ಪರದೆ ನೋಡಿದರೆ ಅಲ್ಲಿ ಸಿಳ್ಳೆಯ ಎತ್ತರ ತೋರಿಸುವ ಅಂಕಿ ಏರುತ್ತಲೇ ಇತ್ತು. ಕೋಣೆಯಲ್ಲಿ ಒಂದಿಷ್ಟೂ ಸದ್ದಿಲ್ಲ. ಸೊಸೆ ಮಾತ್ರ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಏನನ್ನೋ ಕೇಳುತ್ತ ಕೂತಿದ್ದಳು. ಅಂಕಿ ಇನ್ನೂ ಏರಿತು, ಮತ್ತೂ ಏರಿತು. ಕೊನೆಗೊಮ್ಮೆ ಆ ಕೈ ಕೆಳಗೆ ಬಂತು.

"ಈಗ ನಿಂತ್ಹೋಯ್ತು ಅತ್ತೆ."

ಟೋನಕ್ಕ ಪರದೆಯ ಮೇಲಿನ ಅಂಕಿಯನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ತಾನು ಬೆಳೆಸಿದ ಸದ್ದನ್ನು ಹಾಕಿದಳು. "ಇದರಲ್ಲಿ ನಿಂಗೆ ಏನು ಕೇಳುತ್ತೆ? ಮುಚ್ಚುಮರೆ ಬೇಡ."

"ಕೆಳಗಡೆ ಎಲ್ಲಾ ತುಂಬಾ ಚೆನ್ನಾಗಿದೆ..."

"ಮೇಲ್ಗಡೆ?"

"ಮೇಲ್ಗಡೆ... ತಗಡಿನ ಮೇಲೆ ಮೊಳೆ ಎಳೆದಂಗೆ. ಮೊದಲು ಚೂರೇ ಚೂರಿತ್ತು. ಒಂದೊಂದು ತಲೆಮಾರಿಗೂ ಬೆಳೀತಾ ಬಂತು."

"ಇಷ್ಟು ದಿನ ಯಾಕೆ ತುಟಿ ಪಿಟಕ್ ಅನ್ನಲಿಲ್ಲ?"

"ನಿಮಗೆ ಅದೇ ಇಷ್ಟ ಅಂದ್ಕೊಂಡೆ. ನಿಮ್ಮ ಕಿವಿ ತಪ್ಪುತ್ತಾ ಅತ್ತೆ? ನಂಗೇ ಅರ್ಥ ಆಗ್ತಿಲ್ಲ ಅಂತ ಸುಮ್ನಿದ್ದೆ. ತಲೆನೋವು ಬಂದಾಗ ಒಳಗೆ ಹೋಗ್ತಿದ್ದೆ."

ಟೋನಕ್ಕನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಟೋನಕ್ಕನ ಕಿವಿ ಹೋಗಿದೆ ಎಂಬ ಮಾತು ಒಮ್ಮೆ ಹೊರಗೆ ಬಿದ್ದರೆ ಈ ಕೋಣೆಗೆ ಯಾರು ಬರುತ್ತಾರೆ? ಕಿವಿ ಇಲ್ಲದಿದ್ದರೆ ತಾನು ಯಾರು? ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಗಂಡ ನಿಧಾನವಾಗಿ ಹೇಳಿದ: "ನಮ್ಮ ಅಂಗಡಿಗೆ ಬರೋ ವಯಸ್ಸಾದೋರೂ ಹಿಂಗೇ ಕಣೇ. ನನ್ನ ಕಣ್ಣು ಸರಿಯಾಗೇ ಇದೆ, ಪೇಪರಿನೋರು ಅಕ್ಷರ ಚಿಕ್ಕದು ಮಾಡಿದಾರೆ ಅಂತಾರೆ." ಆಕೆಗೆ ಅಳು ಬರುವುದರಲ್ಲಿತ್ತು, ನಗು ಬಂತು.

ನಕ್ಕ ಮೇಲೆ ಹಳೆಯ ಚಾಳಿ ಎದ್ದಿತು. ತನಗೆ ಕೇಳದ ಕಡೆ ಬೆಳೆದದ್ದಾದರೂ ಏನು? ಆ ಮೇಲಿನ ಭಾಗವನ್ನಷ್ಟೇ ಬಿಡಿಸಿ, ಕಿವಿಗೆ ಎಟಕುವಷ್ಟು ಕೆಳಗಿನ ಸ್ಥಾಯಿಗೆ ಇಳಿಸಿ ಹಾಕಿದಳು. ಹಾಕಿದವಳೇ ಬೆಚ್ಚಿಬಿದ್ದಳು. ಅದು ಕಚಪಿಚ ಕಿರುಚುವ ಒಂದು ಹಿಂಡು. ಹೊಳಪು ಬೇಕು, ಇನ್ನೂ ಹೊಳಪು ಬೇಕು ಎಂದು ಆರಿಸಿದಾಗಲೆಲ್ಲ ಇದಕ್ಕೂ ಊಟ ಸಿಕ್ಕಿತ್ತು, ತಡೆಯುವವರು ಮಾತ್ರ ಯಾರೂ ಇರಲಿಲ್ಲ.

"ಅಯ್ಯೋ, ಇಂಥಾ ಪ್ರಾಣೀನ ಇಷ್ಟು ದಿನ ಮನೇಲಿ ಸಾಕಿದೀನಲ್ಲೇ!"

"ಒಂದು ತಿರುಗಣಿ ಸಾಕು ಅತ್ತೆ, ಮೇಲಿಂದೆಲ್ಲ ಕತ್ತರಿಸಿಬಿಡೋಣ," ಎಂದಳು ಸೊಸೆ. ದನಿ ತಗ್ಗಿಸಿ, "ಯಾರಿಗೂ ಗೊತ್ತಾಗಲ್ಲ" ಎಂದೂ ಸೇರಿಸಿದಳು.

ಟೋನಕ್ಕ ಕತ್ತರಿಸಿ ಕೇಳಿಸಿದಳು. ತನಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ. "ಚೆನ್ನಾಗಿದೆ" ಎಂದಳು ಸೊಸೆ, ಥೇಟ್ ಮಾವನ ಹಾಗೆ.

"ನಿಜ ಹೇಳೇ."

"ಪಾತ್ರೆಗೆ ಮುಚ್ಚಳ ಹಾಕಿದಂಗಿದೆ."

ಮುಚ್ಚಳ ಹಾಕಿದ ಬೆಳಕು! ಗುಟ್ಟು ಉಳಿಯುತ್ತದೆ, ಸದ್ದು ಉಳಿಯುವುದಿಲ್ಲ. ಟೋನಕ್ಕ ಎದ್ದು, ಮದುವೆಯಾದಾಗಿನಿಂದ ಗಂಡನಿಗೂ ಬಿಟ್ಟುಕೊಡದ ತನ್ನ ಕುರ್ಚಿಯನ್ನು ಸೊಸೆಯ ಕಡೆ ತಳ್ಳಿದಳು.

"ಕೂತ್ಕೋ. ಇನ್ಮೇಲೆ ನೀನು ಆರಿಸು."

"ನಂಗೆ ಸಂಗೀತ ಬರಲ್ಲ ಅತ್ತೆ!"

"ಕಿವಿ ಇದೆಯಲ್ಲ. ಸಂಗೀತ ನಾನು ನೋಡ್ಕೋತೀನಿ."

ಕೆಳಗಿನ ಧ್ವನಿಯ ಅಂಕಿಗಳನ್ನು ಅಲ್ಲಾಡದಂತೆ ಕಟ್ಟಿಹಾಕಿ, ಮೇಲಿನವನ್ನು ಮಾತ್ರ ಹೊಸದಾಗಿ ಬೆಳೆಸತೊಡಗಿದರು. ಎಂಟು ಮಕ್ಕಳು ಒಂದಾದ ಮೇಲೊಂದು ಬರುತ್ತಿದ್ದವು. ಟೋನಕ್ಕನಿಗೆ ಎಂಟೂ ಒಂದೇ. ಸೊಸೆ ಮಾತ್ರ "ಅಯ್ಯಪ್ಪಾ, ಇದು ಬೇಡ" ಅನ್ನುವಳು, "ಇದು ಪರವಾಗಿಲ್ಲ" ಅನ್ನುವಳು, ಒಮ್ಮೊಮ್ಮೆ ಏನೂ ಅನ್ನದೆ ಇನ್ನೊಂದು ಸಲ ಹಾಕುವಳು. ಇಷ್ಟು ವರ್ಷ ಗಂಡ ತನ್ನ ಪಕ್ಕದಲ್ಲಿ ಕೂತು ಕೇಳಿದ್ದು ಹೇಗೆ ಎಂಬುದು ಟೋನಕ್ಕನಿಗೆ ಈಗ ತಿಳಿಯಿತು. "ಹೆಂಗಿದೆ? ಯಾವ ಥರ? ಉದ್ದಕ್ಕಿದೆಯಾ, ಚುಕ್ಕಿ ಚುಕ್ಕಿಯಾಗಿದೆಯಾ?" ಎಂದು ಸೊಸೆಯನ್ನು ಕೆದಕಿ ಕೆದಕಿ ಕೇಳುತ್ತಿದ್ದಳು. ಸೊಸೆಗೆ ಹೇಳಲು ಮಾತು ಸಿಗುತ್ತಿರಲಿಲ್ಲ, ಆದರೆ ಹಿಂದಿನ ಕೋಣೆಗೆ ಅವಳು ಹೋಗಲೂ ಇಲ್ಲ.

ಮುಂದಿನ ತಾಲೀಮಿನಲ್ಲಿ ಟೋನಕ್ಕ ಎಲ್ಲರೆದುರು ಎದ್ದು ನಿಂತಳು. "ಈ ಹುಡುಗಿ ಹೇಳಿದ್ದೇ ಸರಿ. ನಂಗೆ ಮೇಲಿನ ಸದ್ದು ಕೇಳಲ್ಲ. ಮೇಷ್ಟ್ರೇ, ನಿಮಗೂ ಕೇಳಲ್ಲ." ಮೇಷ್ಟ್ರು ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದರು. ಹುಡುಗಿ ಹೊಸ ಸದ್ದು ಕೇಳಿ ಕಿವಿಯ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡಳು.

ನಾಟಕದ ದಿನ ಅತ್ತೆ ಸೊಸೆ ಜೊತೆಯಾಗಿ ನಡುಸಾಲಿನಲ್ಲಿ ಕೂತರು. ಕೊನೆಯ ದೃಶ್ಯ ಬಂತು. ಕತ್ತಲಿನಿಂದ ಹುಡುಗಿ ಹೊರಗೆ ಬಂದಳು. ತಳದ ಸದ್ದು ಎದ್ದಿತು, ಬೆಳಕು ಏರಿತು, ಸದ್ದು ಬಿಚ್ಚಿಕೊಳ್ಳುತ್ತ ಮೇಲೆ ಹೋಯಿತು, ತೆಳ್ಳಗಾಯಿತು, ನಿಂತಿತು. ಚಪ್ಪಾಳೆ ತಟ್ಟಲು ಟೋನಕ್ಕ ಕೈ ಎತ್ತಿದಳು. ಮುಂದಿನ ಸಾಲಿನ ಹಿರಿಯರಲ್ಲಿ ಒಬ್ಬಿಬ್ಬರು ತಟ್ಟಿಯೂ ಬಿಟ್ಟರು. ಹಿಂದಿನಿಂದ ಯಾರೋ "ಶ್" ಎಂದರು.

ರಂಗದ ಮೇಲೆ ಹುಡುಗಿ ಅಲ್ಲಾಡದೆ ನಿಂತಿದ್ದಳು, ಮುಖ ಮೇಲೆತ್ತಿ, ಬಾಯಿ ತುಸು ತೆರೆದು. ಸುತ್ತ ಎಳೆಯ ಮುಖಗಳೆಲ್ಲ ಹಾಗೇ ಇದ್ದವು. ಯಾರೂ ಕೆಮ್ಮಲಿಲ್ಲ. ಟೋನಕ್ಕನ ಪಾಲಿಗೆ ಆ ಸಭಾಂಗಣದಲ್ಲಿ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

"ಮುಗೀತಲ್ವೇನೇ?" ಎಂದು ಪಿಸುಗುಟ್ಟಿದಳು.

"ಇಲ್ಲ ಅತ್ತೆ," ಎಂದಳು ಸೊಸೆ. ಅವಳ ಕಣ್ಣಲ್ಲಿ ನೀರಿತ್ತು. "ಇನ್ನೂ ಇದೆ."

ಟೋನಕ್ಕ ಕೈಗಳನ್ನು ಮಡಿಲಿಗೆ ಇಳಿಸಿ, ತಾನು ಸಾಕಿದ ಸದ್ದು ಮುಗಿಯುವವರೆಗೆ ಎಲ್ಲರ ಜೊತೆ ಕಾದಳು.